ಹೊಟ್ಟೆಯ ಮೇಲೇಕೆ ಸಿಟ್ಟು?

ಶಿವರಾತ್ರಿಯ ಹೊತ್ತಿಗೆ ಗೋಕರ್ಣಕ್ಕೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮರುದಿನ ಹುಡುಕಿಕೊಂಡು ತದಡಿಯ ನಮ್ಮ ಮನೆಗೂ ಬಂದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗ, ಎರಡು ಮಕ್ಕಳು, ನಲವತ್ತು ದಾಟಿದ ವಯಸ್ಸು. ಚಹಾಕ್ಕೆ ಸಕ್ಕರೆ ಬೇಡವೆಂದ, ಚಕ್ಕುಲಿಯ ತಟ್ಟೆಯನ್ನು ಮೆಲ್ಲನೆ ಆಚೆ ಸರಿಸಿದ. ಸ್ವಲ್ಪ ಹೊತ್ತು ಬಂದರು, ಬೋಟು, ಮೀನಿನ ದರ ಎಂದೆಲ್ಲ ಮಾತನಾಡಿದ ಮೇಲೆ ಅಂಗಿಯ ಕೆಳತುದಿಯನ್ನು ಎಳೆದುಕೊಳ್ಳುತ್ತ ಅವನು ಹೇಳಿದ್ದಿಷ್ಟು: ಎರಡೂವರೆ ವರ್ಷದಿಂದ ವಾರಕ್ಕೆ ನಾಲ್ಕು ದಿನ ಜಿಮ್ಮಿಗೆ ಹೋಗುತ್ತಿದ್ದಾನೆ, ಭಾನುವಾರ ಓಡುತ್ತಾನೆ, ತೋಳು ಗಟ್ಟಿಯಾಗಿದೆ, ಉಸಿರು ಹಿಡಿತಕ್ಕೆ ಬಂದಿದೆ. ಆದರೆ ಹೊಕ್ಕುಳಿನ ಕೆಳಗಿನ ಹೊಟ್ಟೆ ಮಾತ್ರ ಮುಂದಕ್ಕೆ ಬಂದದ್ದು ಬಂದಂತೆಯೇ ಇದೆ. ಕೊನೆಗೆ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದ. ಕೊಬ್ಬು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ. ಕಂತಿನಲ್ಲಿ ಹಣ ಕಟ್ಟಬಹುದು.

"ಮುಂಗಡ ಕೊಟ್ಟುಬಿಟ್ಟಿದ್ದೇನೆ ಸರ್. ಮನೆಯಲ್ಲಿ ಇನ್ನೂ ಹೇಳಿಲ್ಲ."

ನಾನು ತಕ್ಷಣ ಏನೂ ಹೇಳಲಿಲ್ಲ. ಕಾರಣವಿತ್ತು. 1995ರಲ್ಲಿ ಅವನು ನನ್ನ ಎಂಟನೆಯ ತರಗತಿಯಲ್ಲಿದ್ದ. ದುಂಡುದುಂಡಾದ ಹುಡುಗ. ಹಾಜರಿ ಕರೆಯುವಾಗ ಅವನ ಸರದಿ ಬಂದರೆ ನಾನು "ಲಂಬೋದರ ಬಂದನೇ?" ಎಂದು ಕೇಳುತ್ತಿದ್ದೆ. ತರಗತಿ ಘೊಳ್ಳೆಂದು ನಗುತ್ತಿತ್ತು, ಅವನೂ ನಗುತ್ತಿದ್ದ. ನಾನೊಬ್ಬ ಹಾಸ್ಯಪ್ರವೃತ್ತಿಯ ಮಾಸ್ತರನೆಂದು ನನಗೆ ಹೆಮ್ಮೆ. ಮಕ್ಕಳಿಗೆ ಅಡ್ಡಹೆಸರಿಡುವುದರಿಂದಾಗುವ ಕೆಡುಕಿನ ಬಗ್ಗೆ ಬಿ.ಎಡ್. ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ಪಡೆದವನೂ ನಾನೇ! ಈಗ ಅದನ್ನು ನೆನಪಿಸಿದಾಗ ಅವನು ನಕ್ಕ. "ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಈಗಲೂ ಅದೇ ಹೆಸರು ಸರ್" ಎಂದ.

ಹೀಗಾಗಿ ಈ ಬರಹವನ್ನು ಜಗಳದ ಮನಸ್ಸಿನಲ್ಲಿಯೇ ಬರೆಯುತ್ತಿದ್ದೇನೆ. ಜಗಳ ಜಾಹೀರಾತಿನವರೊಡನೆ, ಉಪದೇಶಿಗಳೊಡನೆ, ಮದುವೆಮನೆಯಲ್ಲಿ ಹೊಟ್ಟೆಗೆ ಬೆರಳು ತಿವಿಯುವ ನಮ್ಮ ನೆಂಟರಿಷ್ಟರೊಡನೆ, ಮತ್ತು ಸ್ವಲ್ಪಮಟ್ಟಿಗೆ ನನ್ನೊಡನೆಯೂ.

ನಮ್ಮ ಜನರ ವಿಚಿತ್ರವನ್ನು ನೋಡಿ. ಗೋಕರ್ಣದಲ್ಲಿ ರಾವಣನನ್ನೇ ಮರುಳು ಮಾಡಿ ಆತ್ಮಲಿಂಗವನ್ನು ನೆಲಕ್ಕಿಳಿಸಿದ ವಟುವಿಗೆ ಮೊದಲು ಕೈಮುಗಿದು ಆಮೇಲೆ ಮಹಾಬಲೇಶ್ವರನ ಬಳಿ ಹೋಗುತ್ತೇವೆ. ಇಡಗುಂಜಿಗೆ ಹರಕೆ ಹೊರುತ್ತೇವೆ. ದೇವರಿಗಾದರೆ ಹೊಟ್ಟೆ ಲಕ್ಷಣ. ನೆರೆಮನೆಯವನಿಗಾದರೆ ಅದು ಸೋಮಾರಿತನದ ಪ್ರಮಾಣಪತ್ರ. "ಎಂತ ಮಾಸ್ತರ್ರೆ, ಪಿಂಚಣಿ ಎಲ್ಲ ಹೊಟ್ಟೆಗೇ ಹೋಯ್ತಾ?" ಎಂದು ಕೇಳಿಸಿಕೊಳ್ಳದೆ ನಾನು ಒಂದು ಊಟದ ಪಂಕ್ತಿಯಿಂದಲೂ ಎದ್ದದ್ದಿಲ್ಲ.

ಸೋಮಾರಿತನ ಎನ್ನುವವರು ಒಂದು ಬೆಳಿಗ್ಗೆ ನಮ್ಮ ತದಡಿಯ ಧಕ್ಕೆಗೆ ಬರಲಿ. ಬೋಟುಗಳು ಬರುವ ಹೊತ್ತಿಗೆ ಮೀನಿನ ಬುಟ್ಟಿ ಹೊರುವ ಹೆಂಗಸರನ್ನು ನೋಡಲಿ. ಸೂರ್ಯ ಹುಟ್ಟುವ ಮೊದಲೇ ಎದ್ದು, ತಲೆಯ ಮೇಲೆ ಭಾರ ಹೊತ್ತು, ಬಸ್ಸು ಹತ್ತಿ ಇಳಿದು, ಊರೂರು ಸುತ್ತಿ ಮೀನು ಮಾರಿ, ಮನೆಗೆ ಬಂದು ಅಡುಗೆ ಮಾಡುವವರು. ಅವರಲ್ಲಿ ಎಷ್ಟೋ ಮಂದಿಯ ಸೆರಗಿನ ಕೆಳಗೆ ಕಿಬ್ಬೊಟ್ಟೆ ಮುಂದೆ ಬಂದಿದೆ. ಮೂರು ನಾಲ್ಕು ಹೆರಿಗೆ ಕಂಡ ಹೊಟ್ಟೆ ಅದು. ಬಸುರಿನಲ್ಲಿ ಹೊಟ್ಟೆಯ ಮುಂಭಾಗದ ಎರಡು ನೇರ ಸ್ನಾಯುಪಟ್ಟಿಗಳು ನಡುಗೆರೆಯಲ್ಲಿ ಅಗಲುತ್ತವೆ. ಕೆಲವರಲ್ಲಿ ಹೆರಿಗೆಯ ನಂತರವೂ ಅವು ಪೂರ್ತಿ ಕೂಡಿಕೊಳ್ಳುವುದಿಲ್ಲ. ಆ ಸಂದಿಯಿಂದ ಹೊಟ್ಟೆ ಉಬ್ಬಿ ಕಾಣುತ್ತದೆ. ಅದಕ್ಕೆ ತಿಳಿದವರ ಮಾರ್ಗದರ್ಶನದಲ್ಲಿ ಒಳಸ್ನಾಯುಗಳನ್ನು ಬಲಪಡಿಸುವ ಬೇರೆಯೇ ಅಭ್ಯಾಸಗಳಿವೆ. ಅದನ್ನು ಬಿಟ್ಟು ಬಾಣಂತನ ಮುಗಿಸಿದ ಹುಡುಗಿಯರಿಗೆ ಮಲಗಿ ಏಳುವ ಕಸರತ್ತನ್ನು ನೂರರ ಲೆಕ್ಕದಲ್ಲಿ ಹೇಳಿಕೊಡುವವರಿಗೆ ಯಾರು ಪರವಾನಗಿ ಕೊಟ್ಟರೋ ನಾನರಿಯೆ.

ಆ ಮಲಗಿ ಏಳುವ ಕಸರತ್ತಿನ ಮಾತನ್ನೇ ಎತ್ತಿಕೊಳ್ಳೋಣ. ಹೊಟ್ಟೆಯ ಸ್ನಾಯು ದುಡಿದರೆ ಹೊಟ್ಟೆಯ ಕೊಬ್ಬು ಕರಗುತ್ತದೆ ಎಂಬ ನಂಬಿಕೆಯ ಮೇಲೆ ಒಂದು ದೊಡ್ಡ ವ್ಯಾಪಾರವೇ ನಿಂತಿದೆ. ಕೊಬ್ಬಿನ ಕೋಶದಲ್ಲಿರುವ ಶೇಖರಣೆ ಪಕ್ಕದ ಸ್ನಾಯುವಿಗೆ ನೇರವಾಗಿ ಹರಿಯುವುದಿಲ್ಲ. ಅದು ಒಡೆದು ರಕ್ತಕ್ಕೆ ಬರುತ್ತದೆ, ರಕ್ತ ಇಡೀ ಮೈಗೆ ಒಂದೇ. ಎಲ್ಲಿಂದ ಎಷ್ಟು ತೆಗೆಯಬೇಕೆಂದು ಹಾರ್ಮೋನುಗಳೂ ಹುಟ್ಟುಗುಣವೂ ತೀರ್ಮಾನಿಸುತ್ತವೆ, ನಾವಲ್ಲ. 1971ರಲ್ಲಿ ಅಮೆರಿಕೆಯ ವೈದ್ಯರು ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದರು. ವರ್ಷಗಟ್ಟಲೆ ಬ್ಯಾಟು ಬೀಸಿದ ತೋಳಿನಲ್ಲಿ ಸ್ನಾಯು ಬೆಳೆದಿತ್ತು, ಆದರೆ ಚರ್ಮದಡಿಯ ಕೊಬ್ಬಿನ ದಪ್ಪ ಎರಡೂ ಕಡೆ ಒಂದೇ. 1984ರಲ್ಲಿ ಇನ್ನೊಂದು ಪ್ರಯೋಗ: 13 ಗಂಡಸರು 27 ದಿನಗಳಲ್ಲಿ ತಲಾ 5,004 ಬಾರಿ ಮಲಗಿ ಎದ್ದರು. ಹೊಟ್ಟೆ, ಬೆನ್ನು, ಪೃಷ್ಠ, ಮೂರೂ ಕಡೆಯ ಕೊಬ್ಬಿನ ಕೋಶಗಳನ್ನು ಸೂಜಿಯಿಂದ ತೆಗೆದು ನೋಡಿದಾಗ ಹೊಟ್ಟೆಗೆ ಯಾವ ವಿಶೇಷ ಲಾಭವೂ ಆಗಿರಲಿಲ್ಲ.

ನಮ್ಮ ಅಘನಾಶಿನಿ ದಡದವರಿಗೆ ಇದನ್ನು ವಿವರಿಸುವುದು ಸುಲಭ. ಗಜನಿಯಲ್ಲಿ ನೀರು ನಿಂತಿದೆಯೆನ್ನಿ. ಒಂದು ಮೂಲೆಯಲ್ಲಿ ಕುಳಿತು ಬಕೆಟಿನಿಂದ ತೋಡಿದರೆ ಆ ಮೂಲೆಯಲ್ಲಷ್ಟೇ ಗುಂಡಿ ಬೀಳುತ್ತದೆಯೇ? ಇಡೀ ಗದ್ದೆಯ ಮಟ್ಟ ಕೂದಲೆಳೆಯಷ್ಟು ಇಳಿಯುತ್ತದೆ. ಒಡ್ಡಿನ ಬಾಗಿಲು ತೆರೆದು ನೀರು ಬಿಟ್ಟರೂ ಎತ್ತರದ ಜಾಗ ಮೊದಲು ಒಣಗುತ್ತದೆ, ತಗ್ಗಿನಲ್ಲಿ ಕೊನೆಯವರೆಗೂ ನೀರು ಉಳಿಯುತ್ತದೆ. ಅನೇಕರ ದೇಹದಲ್ಲಿ ಕಿಬ್ಬೊಟ್ಟೆಯೇ ಆ ತಗ್ಗು. ಮುಖ ಸೊರಗಿ, ತೋಳು ಸೊರಗಿ, ಕೊನೆಗೆ ಅದರ ಸರದಿ. ನಮ್ಮ ಹುಡುಗನ ಎರಡೂವರೆ ವರ್ಷ ವ್ಯರ್ಥವಾಗಿರಲಿಲ್ಲ. ಅವನು ನೋಡುತ್ತಿದ್ದದ್ದು ಮಾತ್ರ ತಗ್ಗನ್ನು.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವ ಮಾತು. ಈ ಹೊಟ್ಟೆ ನಮಗೆ ತಾಯಿಯ ಗರ್ಭದಿಂದಲೇ ಬಂದ ಬಳುವಳಿಯಾಗಿರಬಹುದು. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ ಒಟ್ಟಿಗೆ ನಿಂತ ಚಿತ್ರವೊಂದು ಪ್ರಕಟವಾಯಿತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿ.ಎಂ.ಐ., ಇಬ್ಬರದೂ 22.3. ಆದರೆ ಮೈಯಲ್ಲಿನ ಕೊಬ್ಬು ಯಡ್ಕಿನ್‌ರಿಗೆ ಶೇಕಡಾ 9.1, ನಮ್ಮ ಯಾಜ್ಞಿಕರಿಗೆ ಶೇಕಡಾ 21.2! ತಕ್ಕಡಿಯ ಮುಂದೆ ಇಬ್ಬರೂ ಸಮ, ಒಳಗೆ ಅಜಗಜಾಂತರ. ಪುಣೆಯ ಹಳ್ಳಿಗಳ ನವಜಾತ ಶಿಶುಗಳನ್ನು ತೂಗಿದಾಗ ಸರಾಸರಿ 2.7 ಕಿಲೊ, ಇಂಗ್ಲೆಂಡಿನ ಶಿಶುಗಳದು 3.5 ಕಿಲೊ. ನಮ್ಮ ಕೂಸುಗಳಲ್ಲಿ ಕೊರತೆಯಾದದ್ದು ಮುಖ್ಯವಾಗಿ ಸ್ನಾಯು ಮತ್ತು ಅಂಗಾಂಗ. ಮುಂಡದ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಬಡಕಲು ಕೂಸಿಗೂ ಬೊಜ್ಜು!

ಕರ್ನಾಟಕದ್ದೇ ಉದಾಹರಣೆ ಬೇಕೆಂದರೆ ಮೈಸೂರಿದೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟುಕೊಂಡು ಬಂದಿತ್ತು. ದಾಖಲೆ ಇಡುವುದೆಂದರೆ ಮೂಗು ಮುರಿಯುವ ನಮ್ಮ ಗುಮಾಸ್ತರು ಗಮನಿಸಬೇಕು: ಆ ಹಳೆಯ ಪುಸ್ತಕಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂವರೆ ಕಿಲೊಗಿಂತ ಹೆಚ್ಚಿಲ್ಲದೆ ಹುಟ್ಟಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇಕಡಾ 11, 3.1 ಕಿಲೊ ಅಥವಾ ಹೆಚ್ಚು ತೂಗಿದವರಲ್ಲಿ ಶೇಕಡಾ 3. ಮುಂದೆ ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ನೋಡಿದಾಗಲೂ ಮುಂಡದಲ್ಲಿ ಕೊಬ್ಬು ಕೂಡುವ ಆ ಗುಣ ಹುಟ್ಟಿನಲ್ಲೇ ಇತ್ತು, ನಾಲ್ಕು ವರ್ಷವಾದಾಗಲೂ ಇತ್ತು.

ಅಂದರೆ ನಾನು ಎಂಟನೆಯ ತರಗತಿಯಲ್ಲಿ ಗೇಲಿ ಮಾಡಿದ್ದು ಹುಡುಗನ ತಿಂಡಿಪೋತತನವನ್ನಲ್ಲ. ಅರೆಹೊಟ್ಟೆ ಉಂಡು ಬಸುರು ಹೊತ್ತ ತಾಯಂದಿರ, ಅಜ್ಜಿಯರ ಕಷ್ಟವನ್ನು ಗೇಲಿ ಮಾಡಿರಬಹುದು.

ಹಾಗಾದರೆ ಎಲ್ಲವೂ ಹಣೆಬರಹ, ವ್ಯಾಯಾಮ ಬಿಟ್ಟುಬಿಡೋಣವೇ ಎಂದು ಕೇಳುವ ಜಾಣ ವಿದ್ಯಾರ್ಥಿ ಕೊನೆಯ ಬೆಂಚಿನಲ್ಲಿ ಇದ್ದೇ ಇರುತ್ತಾನೆ. ಬೇಡ ಮಾರಾಯ! ಹೊಟ್ಟೆಯ ಕೊಬ್ಬಿನಲ್ಲಿ ಎರಡು ಬಗೆ. ಬೆರಳಿನಿಂದ ಹಿಡಿಯಲು ಸಿಗುವ ಚರ್ಮದಡಿಯದು ಒಂದು. ಯಕೃತ್ತು ಕರುಳುಗಳ ಸುತ್ತ ಒಳಗೆ ಅಡಗಿ ಹೊಟ್ಟೆಯನ್ನು ಗಟ್ಟಿಯಾಗಿ ಮುಂದೂಡುವುದು ಇನ್ನೊಂದು. ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ಹೆಚ್ಚು ಹತ್ತಿರದ ನೆಂಟ ಈ ಎರಡನೆಯದು. ನಡಿಗೆ, ಓಟ, ಭಾರ ಎತ್ತುವುದು ಇವೆಲ್ಲ ಕಣ್ಣಿಗೆ ಕಾಣದ ಆ ಒಳಗಿನ ಕೊಬ್ಬನ್ನೇ ತಗ್ಗಿಸುತ್ತವೆ, ಕೆಲವೊಮ್ಮೆ ತೂಕ ಇಳಿಯದಿದ್ದಾಗಲೂ. ಕನ್ನಡಿಗೆ ಅದು ಕಾಣದು. ಕನ್ನಡಿಗೆ ಕಾಣದ್ದನ್ನು ಜಾಹೀರಾತಿನವನು ಮಾರಲಾರ, ಆದ್ದರಿಂದ ಅದರ ಸುದ್ದಿಯನ್ನೇ ಎತ್ತುವುದಿಲ್ಲ.

ಅವನು ಮಾರುವುದು ಬೆವರು ಬರಿಸುವ ಬೆಲ್ಟು, ಪುಡಿಯ ಡಬ್ಬಿ, ಅದೂ ಸಾಲದಿದ್ದರೆ ಕೊಳವೆ ತೂರಿಸಿ ಹೀರುವ ಯಂತ್ರ. ಆ ಯಂತ್ರ ಹೀರುವುದು ಚರ್ಮದಡಿಯ ಕೊಬ್ಬನ್ನು ಮಾತ್ರ, ಒಳಗಿನದನ್ನು ಮುಟ್ಟುವುದಿಲ್ಲ. 2004ರಲ್ಲಿ ಅಮೆರಿಕೆಯಲ್ಲಿ 15 ಮಂದಿ ಸ್ಥೂಲಕಾಯದ ಮಹಿಳೆಯರಿಂದ ತಲಾ ಒಂಬತ್ತು ಹತ್ತು ಕಿಲೊ ಕೊಬ್ಬು ಹೀರಿ ತೆಗೆದು ಕೆಲವು ವಾರಗಳ ಬಳಿಕ ಪರೀಕ್ಷಿಸಿದರು. ಇನ್ಸುಲಿನ್ ಕೆಲಸ ಮಾಡುವ ರೀತಿಯಾಗಲಿ, ರಕ್ತದೊತ್ತಡವಾಗಲಿ ಸುಧಾರಿಸಿರಲಿಲ್ಲ. ಕುಶಲ ವೈದ್ಯರ ಕೈಯಲ್ಲಿ, ತಕ್ಕ ಸಿದ್ಧತೆಯಿರುವೆಡೆ ಅದಕ್ಕೂ ಒಂದು ಸ್ಥಾನವಿರಬಹುದು. ಆದರೆ ಅದು ಕ್ಷೌರವಲ್ಲ, ಶಸ್ತ್ರಚಿಕಿತ್ಸೆ. 2022ರ ಮೇ ತಿಂಗಳಿನಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಕೊಬ್ಬು ತೆಗೆಸಿಕೊಳ್ಳಲೆಂದು ಹೋದವರು ಜೀವಂತ ಮನೆಗೆ ಬರಲಿಲ್ಲ. ಇಪ್ಪತ್ತೊಂದು ವರ್ಷ! ತಂದೆತಾಯಿಗೆ ಹೇಳದೆ ಹೋಗಿದ್ದರೆಂದು ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮ ಹುಡುಗ "ಮನೆಯಲ್ಲಿ ಇನ್ನೂ ಹೇಳಿಲ್ಲ" ಎಂದಾಗ ನನಗೆ ನೆನಪಾದದ್ದು ಅದು.

ಇನ್ನೊಂದು ಸಂಗತಿಯನ್ನು ಬರೆಯದೆ ಮುಂದೆ ಹೋಗುವಂತಿಲ್ಲ. ನಮ್ಮ ಕುಟುಂಬದವರಿಗೆ ಗೊತ್ತಿರುವುದೇ. ಆದರೂ ಇದುವರೆಗೆ ಬರೆದಿರಲಿಲ್ಲ.

ನನ್ನ ತಂಗಿ ಐವತ್ತು ದಾಟಿದ ಮೇಲೆ ಅವಳ ಕಿಬ್ಬೊಟ್ಟೆ ಮುಂದೆ ಬರತೊಡಗಿತು. ಮುಟ್ಟು ನಿಂತ ಹೆಂಗಸರಿಗೆ ಹೊಟ್ಟೆ ಬರುವುದು ಸಹಜವೆಂದು ಎಲ್ಲರೂ ಹೇಳಿದರು, ಅದು ಸುಳ್ಳೂ ಅಲ್ಲ. ಅವಳು ದಿನಾ ಬೆಳಿಗ್ಗೆ ನಡೆಯುತ್ತಿದ್ದಳು. ನಾನು, ವಿಜ್ಞಾನ ಕಲಿಸಿದ ಮಾಸ್ತರ, ಅವಳಿಗೆ ಸೂರ್ಯನಮಸ್ಕಾರದ ಪುಸ್ತಕ ತಂದುಕೊಟ್ಟೆ. "ಅಣ್ಣಾ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಆಗ್ತದೆ" ಎಂದಳು. "ಒಳ್ಳೆಯದೇ ಆಯಿತು, ಕಡಿಮೆ ತಿನ್ನು" ಎಂದೆ. ಆ ಮಾತನ್ನು ಆಡಿದ ಜಗಲಿ ಇನ್ನೂ ಇದೆ. ನಾನು ಅಲ್ಲಿ ಕುಳಿತುಕೊಳ್ಳುವುದಿಲ್ಲ. ತೋಳು ಕೊರಳು ಸಣ್ಣಗಾಗುತ್ತಿದ್ದವು, ಹೊಟ್ಟೆ ಮಾತ್ರ ಬೆಳೆಯುತ್ತಿತ್ತು. ವ್ಯಾಯಾಮದ ಫಲವೆಂದು ನಾವು ಸಂತೋಷಪಟ್ಟೆವು. ಒಂದೆಡೆ ಗ್ಯಾಸಿನ ಮಾತ್ರೆ ಕೊಟ್ಟರು, ಇನ್ನೊಂದೆಡೆ ಅದೇ ಮಾತ್ರೆಯ ಬೇರೆ ಬಣ್ಣ. ಒಂದು ವರ್ಷದ ಮೇಲೆ ಜಿಲ್ಲೆಯ ಹೊರಗೆ ಕರೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದಾಗ ಅಂಡಾಶಯದ ಕ್ಯಾನ್ಸರ್, ಹೊಟ್ಟೆಯೊಳಗೆ ನೀರು. ಅವಳು ತೀರಿಕೊಂಡು ಈಗ ಎಂಟು ವರ್ಷ.

ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಯುವಕರು 2019ರಲ್ಲಿ ಸಾಮಾಜಿಕ ಜಾಲತಾಣದಲ್ಲಿ ಎಬ್ಬಿಸಿದ ಕೂಗಿನ ಬಗ್ಗೆ ಬರೆಯತೊಡಗಿದರೆ ಅದೇ ಒಂದು ಪುರಾಣವಾದೀತು. ಆದರೆ ತಂಗಿಯ ವಿಷಯದಲ್ಲಿ ಆಸ್ಪತ್ರೆ ದೂರವಿತ್ತೆಂದು ಹೇಳಿ ನಾನು ತಪ್ಪಿಸಿಕೊಳ್ಳಲಾರೆ. ಹೊಟ್ಟೆಯೆಂದರೆ ಬೊಜ್ಜು, ಬೊಜ್ಜೆಂದರೆ ತಿಂದದ್ದು ಎಂದು ನಮ್ಮ ತಲೆಯಲ್ಲಿ ಕುಳಿತಿದ್ದ ಸಮೀಕರಣವೇ ಆ ಒಂದು ವರ್ಷವನ್ನು ತಿಂದಿತು.

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿನಿಯರಿಗೆ, ಈಗ ನೀವೂ ಐವತ್ತರ ಹತ್ತಿರ ಬಂದಿದ್ದೀರಿ: ಹೊಸದಾಗಿ ಹೊಟ್ಟೆ ಉಬ್ಬರಿಸಿಕೊಂಡಿದ್ದು ಇಳಿಯದಿದ್ದರೆ, ಸ್ವಲ್ಪ ಉಂಡರೂ ಸಾಕೆನಿಸಿದರೆ, ಕಿಬ್ಬೊಟ್ಟೆಯಲ್ಲಿ ನೋವಿದ್ದರೆ, ಮತ್ತೆ ಮತ್ತೆ ಮೂತ್ರಕ್ಕೆ ಅವಸರವಾದರೆ, ಇವು ತಿಂಗಳಿಗೆ ಹನ್ನೆರಡಕ್ಕಿಂತ ಹೆಚ್ಚು ಸಲ ಕಂಡರೆ, ಯೋಗದ ಚಾಪೆ ಬಿಡಿಸುವ ಮೊದಲು ವೈದ್ಯರ ಬಳಿ ಹೋಗಿ ಸ್ಕ್ಯಾನಿಂಗ್ ಕೇಳಿ. ಬಹಳ ಸಲ ಏನೂ ಇರುವುದಿಲ್ಲ. ಗರ್ಭಕೋಶದ ಗಡ್ಡೆಯೋ ಸಾದಾ ನೀರುಗುಳ್ಳೆಯೋ ಇರಬಹುದು. ನೋಡಿದರಲ್ಲವೇ ಗೊತ್ತಾಗುವುದು? ನನ್ನ ವಯಸ್ಸಿನ ಗಂಡಸರಿಗೂ ಒಂದು ಮಾತು. ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರಕೋಶ ಪೂರ್ತಿ ಬರಿದಾಗದಿದ್ದರೆ ಅದೂ ಕಿಬ್ಬೊಟ್ಟೆಯನ್ನು ಉಬ್ಬಿಸುತ್ತದೆ, ಕೆಲವರಿಗೆ ನೋವೇ ಇಲ್ಲದೆ. ಹರ್ನಿಯಾ ಇನ್ನೊಂದು. ನಾಚಿಕೆಯಿಂದ ಪಂಚೆ ಬಿಗಿ ಮಾಡಿಕೊಂಡರೆ ಯಾವುದೂ ವಾಸಿಯಾಗದು.

ನನ್ನ ಹೊಟ್ಟೆಯ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ, ಮಾಸ್ತರನಾದವನು ತನ್ನ ಉತ್ತರಪತ್ರಿಕೆಯನ್ನು ಮುಚ್ಚಿಡಬಾರದು. ಎತ್ತರ 165 ಸೆಂಟಿಮೀಟರ್, ತೂಕ 62 ಕಿಲೊ. ಸೂಚ್ಯಂಕ 22.8, ಏಷ್ಯದವರಿಗೆ ಎಚ್ಚರಿಕೆಯ ಗೆರೆಯೆಂದು ಹೇಳುವ 23ರ ಒಳಗೇ. ತಕ್ಕಡಿಯ ಪ್ರಕಾರ ನಾನು ಉತ್ತೀರ್ಣ. ಆದರೆ ಸೊಂಟದ ಸುತ್ತಳತೆ 94. ಭಾರತದ ಗಂಡಸರಿಗೆ ಇರಬೇಕಾದ ಮಿತಿ 90, ಹೆಂಗಸರಿಗೆ 80. ದಿನಕ್ಕೆ ಐದು ಕಿಲೊಮೀಟರ್ ನಡೆಯುತ್ತೇನೆ. ಅದರಿಂದ ಖರ್ಚಾಗುವುದು ಸುಮಾರು 250 ಕ್ಯಾಲೊರಿ. ಬರುವಾಗ ಹೋಟೆಲಿನಲ್ಲಿ ಎರಡು ಬನ್ಸ್ ತಿಂದು ಸಿಹಿ ಚಹಾ ಕುಡಿದರೆ ಲೆಕ್ಕ ಚುಕ್ತಾ, ಮೇಲೆ ಸಾಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದೂ ತಿನ್ನುತ್ತಿದ್ದೆ. ಕುಮಟೆಯ ವೈದ್ಯರೊಬ್ಬರು ಸಮಾಧಾನದಿಂದ ಕೂರಿಸಿ ಹೇಳಿದ ಮೇಲೆ ತಟ್ಟೆಯಲ್ಲಿ ಅನ್ನದ ಗುಡ್ಡ ತಗ್ಗಿಸಿ ಮೀನು, ಬೇಳೆ, ಸೊಪ್ಪು ಹೆಚ್ಚಿಸಿದೆ. ವಾರಕ್ಕೆರಡು ದಿನ ಮರಳು ತುಂಬಿದ ಡಬ್ಬಿ ಎತ್ತುತ್ತೇನೆ, ಏಕೆಂದರೆ ವಯಸ್ಸಾದಂತೆ ಸ್ನಾಯು ಸವೆದು ಆ ಜಾಗವನ್ನು ಕೊಬ್ಬು ಆಕ್ರಮಿಸುತ್ತದಂತೆ. ಬೆನ್ನು ಮುಂದಕ್ಕೆ ಬಾಗಿ ನಿಲ್ಲುವ ಚಾಳಿಯನ್ನೂ ತಿದ್ದಿದರು. ನಿಲುವು ಸರಿಮಾಡಿದೊಡನೆ ಒಂದು ಬೆರಳಿನಷ್ಟು ಹೊಟ್ಟೆ ಹಿಂದೆ ಸರಿದದ್ದು ಕಂಡು ನನಗೇ ನಗು ಬಂತು. ಒಂದು ವರ್ಷದಲ್ಲಿ 97 ಇದ್ದದ್ದು 94 ಆಗಿದೆ. ಮದುವೆಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ.

ಆ ದಿನ ಹುಡುಗನಿಗೆ ಉಪದೇಶ ಮಾಡುವ ಬದಲು ಒಳಗಿನಿಂದ ಬಲೆ ಹೆಣೆಯುವ ದಾರ ತಂದೆ. ಅವನ ಎತ್ತರದಷ್ಟು ದಾರ ಕತ್ತರಿಸಿ, ಎರಡಾಗಿ ಮಡಚಿ, ಸೊಂಟಕ್ಕೆ ಸುತ್ತಲು ಹೇಳಿದೆ. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕೆಂಬುದು ಈಗ ವೈದ್ಯರು ಒಪ್ಪುವ ಸರಳ ಲೆಕ್ಕ. ಟೇಪೂ ಬೇಡ, ಕನ್ನಡಿಯೂ ಬೇಡ. ಅವನ ದಾರದ ಎರಡು ತುದಿಗಳ ನಡುವೆ ಎರಡು ಬೆರಳಿನ ಅಂತರ ಉಳಿಯಿತು. "ಇಷ್ಟೇನಾ ಸರ್?" ಎಂದ. ನನ್ನ ದಾರವನ್ನೂ ಸುತ್ತಿ ತೋರಿಸಿದೆ. ಹನ್ನೊಂದೂವರೆ ಸೆಂಟಿಮೀಟರ್ ಸಾಲದು. ಒಳಗಿನಿಂದ ನೋಡುತ್ತಿದ್ದ ನನ್ನ ಹೆಂಡತಿ ನಕ್ಕದ್ದು ನಮ್ಮಿಬ್ಬರಿಗೂ ಕೇಳಿಸಿತು.

"ಮುಂಗಡ ವಾಪಸು ಕೊಡ್ತಾರಾ ಸರ್?" ಎಂದು ಹೊರಡುವಾಗ ಕೇಳಿದ. ಮೊನ್ನೆ ಫೋನು ಮಾಡಿದ್ದ. ಅರ್ಧ ಹೋಯಿತಂತೆ. ರಕ್ತಪರೀಕ್ಷೆ ಮಾಡಿಸಿದ್ದಾನೆ, ಸಕ್ಕರೆ ಗೆರೆಯ ಹತ್ತಿರವಿದೆ, ಹೆಂಡತಿಗೆ ಎಲ್ಲ ಹೇಳಿದ್ದಾನೆ.

ಆ ಬ್ಯಾಚಿನವರೆಲ್ಲ ಇದನ್ನು ಓದುತ್ತೀರೆಂದು ನನಗೆ ಗೊತ್ತು. ನಿಮ್ಮ ಗುಂಪಿನಲ್ಲಿ ಅವನ ಹೆಸರನ್ನು ಬದಲಿಸಿ. ಅದನ್ನಿಟ್ಟವನು ನಾನು, ತೆಗೆಯಿರೆಂದು ಕೇಳುವ ಹಕ್ಕೂ ನನಗಿದೆ ಎಂದುಕೊಂಡಿದ್ದೇನೆ. ಅವನ ನಿಜವಾದ ಹೆಸರು ಎಂಟನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇತ್ತು, ಕ್ರಮಸಂಖ್ಯೆ 23.